ಭಾವನ ಕಿವಿಗೆ ಆಧಾರ ಕೇಳಿದ ಮುಖಪುಟ ಸಂಚಾಲಕರಿಗೆ

ಮಾನ್ಯ ಮುಖಪುಟ ಸಂಚಾಲಕರೇ,

ನಮ್ಮ ಭಾವನ ಎರಡೂ ಕಿವಿಗಳನ್ನು ತಾವು 'ಆಧಾರವಿಲ್ಲ' ಎಂದು ತಳ್ಳಿಹಾಕಿದ್ದೀರಿ. ಅದೇ ಭಾವನ ಬಾಯನ್ನು ಮಾತ್ರ 'ಪ್ರತ್ಯಕ್ಷ ಸಾಕ್ಷಿ' ಎಂದು ಎತ್ತಿ ಹಿಡಿದಿದ್ದೀರಿ. ಒಂದೇ ತಲೆಗೆ ಸೇರಿದ, ಒಂದಕ್ಕೊಂದು ಗೇಣು ದೂರವೂ ಇಲ್ಲದ ಈ ಅಂಗಗಳ ನಡುವೆ ಇಂಥ ಭೇದಭಾವ ಏಕೆ ಎಂದು ಕೇಳಲು ಈ ಪತ್ರ. ಖಾಸಗಿಯಾಗಿಯೇ ಬರೆಯಬಹುದಿತ್ತಲ್ಲ ಎನ್ನುತ್ತೀರೇನೋ. ಬರೆದೆ ಸ್ವಾಮಿ. 'ಚರ್ಚಾಪುಟದಲ್ಲಿ ಚರ್ಚಿಸಿ' ಎಂದು ಉತ್ತರ ಬಂತು. ಚರ್ಚಾಪುಟಕ್ಕೆ ಹೋದೆ, 'ಚರ್ಚೆ ಮುಕ್ತಾಯವಾಗಿದೆ, ಆಕ್ಷೇಪಣೆಯಿದ್ದಲ್ಲಿ ಸಂಚಾಲಕರಿಗೆ ಬರೆಯಿರಿ' ಎಂಬ ಫಲಕ ತೂಗುತ್ತಿತ್ತು. ಗಾಣದ ಎತ್ತು ಸುತ್ತಿದರೆ ಎಣ್ಣೆಯಾದರೂ ಬರುತ್ತದೆ. ನನಗೆ ಬಂದದ್ದು ತಲೆಸುತ್ತು ಮಾತ್ರ. ಆದ್ದರಿಂದ ಪತ್ರಿಕೆಯ ಮೊರೆ ಹೊಕ್ಕಿದ್ದೇನೆ.

ತಮ್ಮ ಹುದ್ದೆಯ ಘನತೆ ತಿಳಿಯದ ಓದುಗರೂ ಇರಬಹುದು. ಅವರಿಗಾಗಿ ಎರಡು ಮಾತು. ಯಾರು ಬೇಕಾದರೂ ಬರೆಯಬಹುದಾದ, ಹಾಗೆಯೇ ಯಾರು ಬೇಕಾದರೂ ಅಳಿಸಬಹುದಾದ ಒಂದು ಅಂತರ್ಜಾಲ ವಿಶ್ವಕೋಶ ನಮ್ಮ ಭಾಷೆಯಲ್ಲಿದೆ. ವಾರಕ್ಕೊಂದು ಲೇಖನವನ್ನು ಆರಿಸಿ ಅದರ ಮುಖಪುಟದಲ್ಲಿ ಕೂರಿಸುತ್ತಾರೆ. ಒಂದು ವಾರ ಜೇನುನೊಣ, ಒಂದು ವಾರ ಧೂಮಕೇತು, ಒಂದು ವಾರ ಕೊಡೆಯ ಇತಿಹಾಸ. ಯಾವ ಲೇಖನಕ್ಕೆ ಈ ಭಾಗ್ಯ ಎಂಬುದನ್ನು ಸದಸ್ಯರು 'ಬೆಂಬಲ', 'ವಿರೋಧ' ಎಂದು ಬರೆದು ಜಗಳವಾಡಿ ತಿಳಿಸುತ್ತಾರೆ. ಎಲ್ಲರ ಗಂಟಲೂ ಒಣಗಿದ ಮೇಲೆ ಸಂಚಾಲಕರು ತಮಗೆ ಮೊದಲೇ ಸರಿಯೆನಿಸಿದ್ದನ್ನು ಒಮ್ಮತದ ತೀರ್ಮಾನವೆಂದು ಘೋಷಿಸುತ್ತಾರೆ. ಇದಕ್ಕಾಗಿ ಯಾರಿಗೂ ಸಂಬಳವಿಲ್ಲ. ಸಂಬಳವಿಲ್ಲದ ಕೆಲಸದಲ್ಲಿ ಮನುಷ್ಯ ತೋರುವ ಗತ್ತು ಸಂಬಳದ ಕೆಲಸದಲ್ಲಿ ಎಂದೂ ಕಾಣಸಿಗುವುದಿಲ್ಲ, ಆ ಮಾತು ಬೇರೆ.

ಬರುವ ಸೋಮವಾರ ಆ ಪೀಠವೇರಲಿರುವುದು ನಮ್ಮೂರಿನ ರಕ್ಷಣಾ ಸಾಮಗ್ರಿ ಕಂಪನಿಯ ಕುರಿತ ಲೇಖನ. ರಕ್ಷಣಾ ಸಾಮಗ್ರಿ ಎಂಬುದು ಸಭ್ಯ ಭಾಷೆ. ಅಲ್ಲಿ ತಯಾರಾಗುವುದು ಫಿರಂಗಿ. ಲೇಖನ ಬರೆದವಳು ನನ್ನ ಅಕ್ಕ. ಅವಳು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದವಳು. ನಿವೃತ್ತಳಾದರೂ ಕೈ ಸುಮ್ಮನಿರುವುದಿಲ್ಲ. ಮನೆಗೆ ಮದುವೆಯ ಆಮಂತ್ರಣ ಬಂದರೆ ತಿದ್ದಿ ವಾಪಸು ಕಳಿಸುತ್ತಾಳೆ. ಮದುಮಗಳ ಅಪ್ಪ ಫೋನು ಮಾಡಿ, "ಬರ್ತೀರೋ ಇಲ್ವೋ ಅಷ್ಟು ಹೇಳಿ ತಾಯಿ" ಎಂದು ಬೇಡಿಕೊಂಡದ್ದೂ ಉಂಟು. ಇಂಥವಳ ಕಣ್ಣಿಗೆ ಒಂದು ದಿನ ಆ ಕಂಪನಿಯ ಪುಟ ಬಿತ್ತು. ಅದರಲ್ಲಿ ಇದ್ದದ್ದು ಎರಡೇ ವಾಕ್ಯ: 'ಈ ಕಂಪನಿ ಫಿರಂಗಿ ತಯಾರಿಸುತ್ತದೆ. ಇದು ಬಹಳ ಒಳ್ಳೆಯ ಕಂಪನಿ.' ಎರಡನೆಯ ವಾಕ್ಯವನ್ನು ಸೇರಿಸಿದವರು ಯಾರೆಂದು ಪತ್ತೆಹಚ್ಚಲು ಅವಳು ದೂರ ಹೋಗಬೇಕಾಗಿರಲಿಲ್ಲ. ಅವರು ಎದುರಿನ ಕುರ್ಚಿಯಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು.

ಆ ಭಾವನ ಪರಿಚಯ ಮಾಡಿಕೊಡದೆ ಮುಂದೆ ಹೋಗುವಂತಿಲ್ಲ. ಕೆಲಸಕ್ಕೆ ಸೇರಿದ ದಿನದಿಂದ ಬಿಟ್ಟ ದಿನದವರೆಗೂ ಅವರು ಆ ಕಂಪನಿಯ ಪರೀಕ್ಷಾ ಮೈದಾನದಲ್ಲಿದ್ದವರು. ತಯಾರಾದ ಫಿರಂಗಿಯನ್ನು ಅಲ್ಲಿ ಹಾರಿಸಿ ನೋಡುತ್ತಾರೆ. ಪ್ರತಿ ಹೊಡೆತವಾದ ಮೇಲೂ ನಳಿಗೆ ಬಿರುಕು ಬಿಟ್ಟಿದೆಯೇ ಎಂದು ಪರೀಕ್ಷಿಸುವುದು ಭಾವನ ಕೆಲಸ. ಹಾಗಾಗಿ ಫಿರಂಗಿಗೂ ಅವರಿಗೂ ನಡುವೆ ನಾನೂ ನೀವೂ ರೈಲಿನಲ್ಲಿ ಸಹಪ್ರಯಾಣಿಕರ ಜತೆ ಬಿಡುವಷ್ಟೂ ಅಂತರ ಇರುತ್ತಿರಲಿಲ್ಲ. ಕಿವಿಗೆ ಇಟ್ಟುಕೊಳ್ಳಲು ಹತ್ತಿ ಕೊಡುತ್ತಿದ್ದರು. ಆದರೆ ಹತ್ತಿ ಇಟ್ಟುಕೊಂಡರೆ ಸಾಹೇಬರು ಕೂಗಿದ್ದು ಕೇಳುವುದಿಲ್ಲ. ಕೇಳದಿದ್ದರೆ ಬೈಗುಳ. ಬೈಗುಳವೂ ಕೇಳುವುದಿಲ್ಲವಾದ್ದರಿಂದ ಮೆಮೊ. ಮೆಮೊ ತಪ್ಪಿಸಿಕೊಳ್ಳಲು ಎಲ್ಲರೂ ಹತ್ತಿ ತೆಗೆದು ಜೇಬಿಗಿಟ್ಟುಕೊಂಡು ಕೆಲಸ ಮಾಡಿದರು.

ಭಾವನಿಗೆ ಕಿವಿ ಕೇಳಿಸುವುದಿಲ್ಲ. ಇದು ನಮ್ಮ ಮನೆಯಲ್ಲಿ, ಬೀದಿಯಲ್ಲಿ, ತರಕಾರಿ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿದ್ದವರು ಒಬ್ಬರೇ, ಸ್ವತಃ ಭಾವ. ಅವರ ಸಿದ್ಧಾಂತದ ಪ್ರಕಾರ ತಾವು ನಿವೃತ್ತರಾಗುವ ಹೊತ್ತಿಗೆ ಸರಿಯಾಗಿ ಇಡೀ ಜಗತ್ತು ಗೊಣಗಲು ಶುರುಮಾಡಿತು. ಮೊದಲು ವಾರ್ತೆ ಓದುವವರು ಗೊಣಗಿದರು. ಆಮೇಲೆ ಹೆಂಡತಿ. ಆಮೇಲೆ ಕುಕ್ಕರು. ವಿದಾಯದ ದಿನ ಕಂಪನಿಯವರು ಅವರಿಗೆ ಒಂದು ಗೋಡೆ ಗಡಿಯಾರ ಕೊಟ್ಟರು, ಗಂಟೆ ಬಾರಿಸುವ ಗಡಿಯಾರ. ಕೊಟ್ಟವರ ವಿನೋದ ಪ್ರಜ್ಞೆಗೆ ಕೈಮುಗಿಯಬೇಕು. "ಗಡಿಯಾರ ಚೆನ್ನಾಗಿದೆ, ಗಂಟೆ ಮಾತ್ರ ಕೆಟ್ಟಿದೆ" ಎಂದು ಭಾವ ಅದನ್ನು ರಿಪೇರಿಗೆ ಒಯ್ದರು. ಅಂಗಡಿಯವನು ಸರಿಯಾಗಿಯೇ ಇದೆ ಎಂದ. ಕಳ್ಳ ಎಂದು ಬೈದು ಎತ್ತಿಕೊಂಡು ಬಂದರು. ಇನ್ನು ಅವರ ಗುಟ್ಟಿನ ಮಾತು! ಪಕ್ಕದ ಮನೆಯವರು ಹೊಸ ಪರದೆ ಹಾಕಿಸಿ ನಮ್ಮನ್ನು ಚಹಾಕ್ಕೆ ಕರೆದಿದ್ದಾಗ ನನ್ನ ಕಿವಿಯಲ್ಲಿ, "ಈ ಬಣ್ಣ ನೋಡಿದ್ರೆ ಹೊಟ್ಟೆ ತೊಳಸುತ್ತೆ ಕಣೋ" ಎಂದು ಪಿಸುಗುಟ್ಟಿದರು. ಮರುದಿನ ಬೆಳಿಗ್ಗೆ ಇಡೀ ಬೀದಿಗೆ ವಿಷಯ ಗೊತ್ತಿತ್ತು. ಮರುದಿನ ಎಂದದ್ದು ಸಭ್ಯತೆಗೆ; ಆ ಕ್ಷಣದಲ್ಲೇ ಗೊತ್ತಾಗಿತ್ತು.

ಅಕ್ಕ ಆ ಎರಡು ವಾಕ್ಯಗಳ ಪುಟವನ್ನು ತಿದ್ದಲು ಕೂತವಳು ಏಳಲಿಲ್ಲ. ನೀರಿನ ಪಂಪು ಮಾಡುತ್ತಿದ್ದ ಕಾರ್ಖಾನೆ ಯುದ್ಧಕಾಲದಲ್ಲಿ ಅದೇ ಕೊಳವೆಯನ್ನು ಇನ್ನಷ್ಟು ದಪ್ಪ ಮಾಡಿ ಫಿರಂಗಿಗೆ ಇಳಿದದ್ದು, ಮೊದಲ ಫಿರಂಗಿ ಗುಂಡನ್ನು ಮುಂದಕ್ಕೆ ಹಾರಿಸುವ ಬದಲು ತಾನೇ ಹಿಂದಕ್ಕೆ ಓಡಿ ಮಂತ್ರಿಗಳ ಚಪ್ಪರ ಕೆಡವಿದ್ದು, ಎಲ್ಲವನ್ನೂ ಹಳೆಯ ಪತ್ರಿಕೆಗಳಿಂದ ಹೆಕ್ಕಿ ತೆಗೆದು ಅಡಿಟಿಪ್ಪಣಿ ಸಮೇತ ಬರೆದಳು. "ಇವರ ಕಂಪನಿ ಮುಖಪುಟದಲ್ಲಿ ಬರ್ಲಿ ಕಣೋ, ಇವರಿಗೊಂದು ಖುಷಿ" ಎಂದು ನನಗೆ ಹೇಳಿ, ಸಂಚಾಲಕರಾದ ತಮ್ಮ ಮುಂದೆ ಲೇಖನದ ನಾಮಪತ್ರ ಇಟ್ಟಳು. ಗಂಡನ ಖುಷಿಗೆ ಇಡೀ ಲೇಖನ. ತನ್ನ ಸಮಾಧಾನಕ್ಕೆ ಅದರಲ್ಲಿ ಒಂದೇ ಒಂದು ವಾಕ್ಯ: 'ಪರೀಕ್ಷಾ ಮೈದಾನದಲ್ಲಿ ದುಡಿದ ಹಲವರು ಕ್ರಮೇಣ ಶ್ರವಣಶಕ್ತಿ ಕಳೆದುಕೊಂಡಿದ್ದಾರೆ.'

ಸಂಚಾಲಕರೇ, ನಮ್ಮ ಜಗಳ ಈ ಒಂದು ವಾಕ್ಯದ್ದು. ಆದರೆ ತಮ್ಮ ಸಭೆ ಆ ವಾಕ್ಯದವರೆಗೆ ಬರಲು ಎಷ್ಟು ಸುತ್ತಿತು! ಶಾಂತಿದೂತ ಎಂಬ ಹೆಸರಿಟ್ಟುಕೊಂಡ ತಮ್ಮ ಸದಸ್ಯರೊಬ್ಬರಿದ್ದಾರೆ. ಅವರಷ್ಟು ಜಗಳಗಂಟರನ್ನು ನಾನು ಕಂಡಿಲ್ಲ. 'ಮಕ್ಕಳು ನೋಡುವ ಮುಖಪುಟದಲ್ಲಿ ಫಿರಂಗಿಯೇ? ಧಿಕ್ಕಾರ, ವಿರೋಧ' ಎಂದು ಅವರು ಮೊದಲ ಗುಂಡು ಹಾರಿಸಿದರು. ಗುಂಡುಸೂಜಿ ಎಂಬ ಇನ್ನೊಬ್ಬರು ಬಂದು, 'ನಳಿಗೆಯ ವ್ಯಾಸವನ್ನು ಒಂದೆಡೆ ಇಂಚಿನಲ್ಲೂ ಇನ್ನೊಂದೆಡೆ ಮಿಲಿಮೀಟರಿನಲ್ಲೂ ಕೊಡಲಾಗಿದೆ, ಇಂಥ ಅನಾಗರಿಕತೆಯನ್ನು ಸಹಿಸಲಾಗದು' ಎಂದು ಬರೆದರು. ಜನರನ್ನು ಕೊಲ್ಲುವ ಯಂತ್ರದ ವಿಷಯದಲ್ಲಿ ಅವರ ಅಂತಃಸಾಕ್ಷಿ ನೊಂದದ್ದು ಇಂಚಿನಿಂದ! ಇಬ್ಬರನ್ನೂ ಸಮಾಧಾನಪಡಿಸಲು ತಾವು ಅಮೋಘವಾದ ಸೂತ್ರವೊಂದನ್ನು ಮುಂದಿಟ್ಟಿರಿ. ಫಿರಂಗಿಯ ಚಿತ್ರ ತೆಗೆದು ಕಂಪನಿಯ ಕಾಂಪೌಂಡಿನಲ್ಲಿರುವ ಗುಲಾಬಿ ತೋಟದ ಚಿತ್ರ ಹಾಕಿಸಿದಿರಿ. ಆಗ ಶಾಂತಿದೂತರು, 'ಗುಲಾಬಿ ಹಾಕಿದರೆ ಇದು ಜಾಹೀರಾತಿನಂತೆ ಕಾಣುತ್ತದೆ' ಎಂದು ಮತ್ತೆ ಧಿಕ್ಕರಿಸಿದರು. ತಾವು ಧೃತಿಗೆಡದೆ ಅದರ ಕೆಳಗೆ ಬರೆಸಿದಿರಿ: 'ಕಂಪನಿಯ ಆವರಣ. ಫಿರಂಗಿಗಳು ಚಿತ್ರದಲ್ಲಿ ಕಾಣುವುದಿಲ್ಲ.' ಇದನ್ನು ಓದಿ ಅಕ್ಕ ಮೊದಲ ಬಾರಿಗೆ ತಿದ್ದಲು ಏನೂ ತೋಚದೆ ಕೈಚೆಲ್ಲಿ ಕೂತಳು.

ಕೊನೆಗೂ ಆ ವಾಕ್ಯದ ಸರದಿ ಬಂತು. ಆಧಾರ ಎಲ್ಲಿ ಎಂದು ತಾವು ಕೇಳಿದಿರಿ. 'ನನ್ನ ಗಂಡ' ಎಂದು ಅಕ್ಕ ಬರೆದಳು. 'ಗಂಡ ಪ್ರಕಟಿತ ಮೂಲವಲ್ಲ' ಎಂದು ತಾವು ಉತ್ತರಿಸಿದಿರಿ. ಕಿವಿಯ ಡಾಕ್ಟರ ವರದಿ ತೋರಿಸಲೇ ಎಂದಳು. ಭಾವನನ್ನು ಕಣ್ಣಿನ ಪರೀಕ್ಷೆ ಎಂದು ನಂಬಿಸಿ ಕರೆದೊಯ್ದು ಮಾಡಿಸಿದ ವರದಿ ಅದು. 'ಅದು ಖಾಸಗಿ ದಾಖಲೆ' ಎಂದಿರಿ. ಅತ್ತ ಕಂಪನಿಯವರು ನುಣುಪು ಕಾಗದದಲ್ಲಿ ಅಚ್ಚು ಹಾಕಿಸಿದ ಬಣ್ಣದ ಪುಸ್ತಿಕೆಯಲ್ಲಿ 'ನಮ್ಮ ಮೈದಾನದಲ್ಲಿ ಶಬ್ದವು ಸದಾ ಮಿತಿಯೊಳಗಿರುತ್ತದೆ' ಎಂಬ ಸಾಲಿತ್ತು. ಅದನ್ನು ತಾವು ಒಪ್ಪಿಕೊಂಡಿರಿ. ಏಕೆಂದರೆ ಅದು ಅಚ್ಚಾಗಿತ್ತು.

ಆ ದಿನ ನಾನು ಅಕ್ಕನ ಮನೆಯಲ್ಲೇ ಇದ್ದೆ. ಕಂಪ್ಯೂಟರಿನ ಮುಂದೆ ಕೂತಿದ್ದ ಅಕ್ಕ ಕನ್ನಡಕ ತೆಗೆದು ನನ್ನ ಕಡೆ ತಿರುಗಿದಳು.

"ಅಚ್ಚಾಗದೆ ಇರೋದೆಲ್ಲ ಸ್ವಂತ ಸಂಶೋಧನೆ ಅಂತೆ ಕಣೋ. ಅದಕ್ಕೆ ತೆಗೀಬೇಕಂತೆ."

"ಯಾವುದು ಸ್ವಂತ ಸಂಶೋಧನೆ?"

"ಇವರ ಕಿವಿ."

"ಸ್ವಂತದ್ದೇ ತಾನೆ? ಬಾಡಿಗೆಗೆ ತಂದಿದ್ದೇನಲ್ಲವಲ್ಲ?"

"ನಿನಗೆ ಎಲ್ಲಾ ತಮಾಷೆ."

ನಮ್ಮ ತುಟಿ ಅಲ್ಲಾಡುವುದನ್ನು ಕಂಡ ಭಾವ ಪೇಪರು ಮಡಚಿ, "ಏನಂತೆ? ಹಾಕ್ತಾರಂತಾ?" ಎಂದು ಕೇಳಿದರು. ಕಿಟಕಿಯ ಮೇಲಿದ್ದ ಬೆಕ್ಕು ಇಳಿದು ಓಡಿತು.

ಅಕ್ಕ ಅವರ ಎದುರು ಹೋಗಿ ನಿಂತು, "ಒಂದು ಸಾಲು ತೆಗೆದ್ರೆ ಹಾಕ್ತಾರಂತೆ ರೀ" ಎಂದಳು.

"ತೆಗಿ ಮತ್ತೆ! ಒಂದ್ ಸಾಲಿಗೆ ಏನು ಮಹಾ?"

"ತೆಗೆಯಲ್ಲ."

"ಗೊಣಗ್ಬೇಡ ಕಣೇ, ಬಿಡಿಸಿ ಹೇಳು."

"ತೆಗೆಯಲ್ಲ ಅಂದೆ!"

"ಯಾಕೆ ಕಿರುಚ್ತೀಯ? ನಾನೇನು ಕಿವುಡನಾ?"

ಅಕ್ಕ ನನ್ನ ಮುಖ ನೋಡಿದಳು. ನಾನು ಬೆಕ್ಕು ಹೋದ ದಾರಿಯನ್ನು ನೋಡಿದೆ.

ಹೆಂಡತಿಯ ಹಟದಿಂದ ಕಂಪನಿಗೆ ಸಲ್ಲಬೇಕಾದ ಮಾನ ತಪ್ಪಿಹೋಗುತ್ತದೆಂದು ಭಾವನಿಗೆ ಆತಂಕವಾಯಿತು. ಅವಳು ತರಕಾರಿಗೆ ಹೋಗಿದ್ದಾಗ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಅಕ್ಷರ ಹುಡುಕಿ ಒತ್ತಿ ವಿಶ್ವಕೋಶದ ಚರ್ಚಾಪುಟದಲ್ಲಿ ಹೀಗೆ ಬರೆದರು: 'ಬೆಂಬಲ. ನಾನು ಅಲ್ಲಿ ಫಿರಂಗಿಯ ಪಕ್ಕದಲ್ಲೇ ನಿಂತು ಕೆಲಸ ಮಾಡಿದವನು. ಶಬ್ದ ಗಿಬ್ದ ಎಂದು ಕೆಲವರು ತಕರಾರು ತೆಗೆಯುತ್ತಿದ್ದಾರೆ. ಶುರುವಿನಲ್ಲಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಕಂಪನಿಯವರು ಏನೋ ಸುಧಾರಣೆ ಮಾಡಿರಬೇಕು, ವರ್ಷ ಹೋದ ಹಾಗೆ ಕಡಿಮೆಯಾಗುತ್ತಾ ಬಂತು. ಕೊನೆಕೊನೆಗೆ ಫಿರಂಗಿ ಹಾರಿದ್ದೇ ಗೊತ್ತಾಗುತ್ತಿರಲಿಲ್ಲ.'

ಇದನ್ನು ಓದಿದ ಯಾರಿಗೇ ಆಗಲಿ ನಗು ಬರಬೇಕು, ಅಥವಾ ಅಳು. ತಮಗೆ ಬಂದದ್ದು ಉತ್ಸಾಹ! 'ಪ್ರತ್ಯಕ್ಷ ಸಾಕ್ಷಿಯೇ ಇದ್ದಾರೆ, ಕಂಪನಿಯ ಪುಸ್ತಿಕೆಗೂ ಅವರ ಮಾತಿಗೂ ತಾಳೆಯಾಗುತ್ತದೆ' ಎಂದು ಬರೆದು ತಾವು ಅಕ್ಕನ ವಾಕ್ಯವನ್ನು ಕಿತ್ತುಹಾಕಿದಿರಿ. ಅದರ ಜಾಗದಲ್ಲಿ ಗುಂಡುಸೂಜಿಯವರು ಹೊಸದೊಂದನ್ನು ನೆಟ್ಟರು: 'ನಿರಂತರ ಸುಧಾರಣೆಗಳ ಫಲವಾಗಿ ಪರೀಕ್ಷಾ ಮೈದಾನದ ಶಬ್ದವು ವರ್ಷಗಳು ಕಳೆದಂತೆ ಗಣನೀಯವಾಗಿ ಇಳಿಯಿತು.' ಇದನ್ನು ಕಂಡ ಶಾಂತಿದೂತರ ಹೃದಯವೂ ಕರಗಿತು. 'ಶಬ್ದಮಾಲಿನ್ಯ ತಗ್ಗಿಸಿದ ಕಂಪನಿಯೆಂದರೆ ಪರಿಸರಸ್ನೇಹಿ. ನನ್ನ ವಿರೋಧ ಹಿಂತೆಗೆದುಕೊಂಡಿದ್ದೇನೆ, ಬೆಂಬಲ.' ಹೀಗೆ ಸದ್ದಿಲ್ಲದೆ ಕೊಲ್ಲುವ ಫಿರಂಗಿಗೆ ಶಾಂತಿಯ ಮುದ್ರೆಯೂ ಬಿದ್ದು ಲೇಖನ ಮುಖಪುಟಕ್ಕೆ ಆಯ್ಕೆಯಾಯಿತು. ಮಾನ್ಯರೇ, ಒಬ್ಬ ಮನುಷ್ಯ ಕಿವುಡನಾದದ್ದನ್ನು ಅವನನ್ನು ಕಿವುಡು ಮಾಡಿದವರ ಸಾಧನೆಯ ಖಾತೆಗೆ ಜಮಾ ಮಾಡಿದ ವಿಶ್ವಕೋಶ ಜಗತ್ತಿನಲ್ಲಿ ಇನ್ನೊಂದಿದೆಯೇ? ಇದ್ದರೆ ದಯವಿಟ್ಟು ಆಧಾರ ಕೊಡಿ.

ಅಕ್ಕ ಅದನ್ನು ಓದಿ ಕಂಪ್ಯೂಟರು ಆರಿಸಿ ಎದ್ದಳು. ಆ ಪುಟಕ್ಕೆ ಮತ್ತೆ ಕೈ ಹಚ್ಚಲಿಲ್ಲ. ಅವಳು ತಿದ್ದದೆ ಬಿಟ್ಟ ಮೊದಲ ತಪ್ಪು ಅದು. ಭಾವನಿಗೋ ಹಿಗ್ಗು. "ನನ್ನ ಮಾತು ಹಾಕಿದಾರೆ ನೋಡೋ!" ಎಂದು ಆ ಪುಟವನ್ನು ಅಚ್ಚು ತೆಗೆಸಿ, ಸಂಜೆ ಪಾರ್ಕಿಗೆ ಒಯ್ದರು. ನನ್ನನ್ನೂ ಎಳೆದುಕೊಂಡು ಹೋದರು.

ಪಾರ್ಕಿನ ತುತ್ತತುದಿಯಲ್ಲಿ, ಹಿಂಬದಿಯ ಗೋಡೆಗೆ ಒತ್ತಿಕೊಂಡು ಒಂದು ಬೆಂಚಿದೆ. ಪರೀಕ್ಷಾ ಮೈದಾನದ ನಿವೃತ್ತರು ಅಲ್ಲಿ ಸೇರುತ್ತಾರೆ. ಮೊದಲು ಅವರು ಗೇಟಿನ ಹತ್ತಿರವೇ ಕೂರುತ್ತಿದ್ದರಂತೆ. ಅಲ್ಲಿ ದಿನಾ ಹೊಡೆದಾಟ ನಡೆಯುತ್ತಿದೆ ಎಂದು ಯಾರೋ ಪೊಲೀಸರಿಗೆ ದೂರು ಕೊಟ್ಟರು. ಪೊಲೀಸರು ಓಡಿಬಂದು ನೋಡಿದರೆ ಒಬ್ಬರ ಮಂಡಿನೋವನ್ನು ಇನ್ನೊಬ್ಬರು ವಿಚಾರಿಸುತ್ತಿದ್ದರು. ಅಂದಿನಿಂದ ಕಾವಲುಗಾರ ಅವರಿಗೆ ಆ ಹಿಂದಿನ ಬೆಂಚನ್ನು ಬಿಟ್ಟುಕೊಟ್ಟಿದ್ದಾನೆ.

ಭಾವ ಆ ಸಾಲನ್ನು ಓದಿ ಹೇಳಿದರು. ಕ್ರೇನು ನಡೆಸುತ್ತಿದ್ದವರು ಹಾಳೆ ಕಿತ್ತುಕೊಂಡು ತಾವೂ ಓದಿದರು.

"ಸರಿಯಾಗೇ ಬರ್ದಿದಾರೆ! ನಂಗೂ ಹಾಗೇ ಆಯ್ತು. ಕೊನೇಲಿ ಶಬ್ದಾನೇ ಇರ್ಲಿಲ್ಲ!"

"ನನಗೂ ಅಷ್ಟೇ!" ಎಂದರು ಮದ್ದಿನ ಉಗ್ರಾಣದಲ್ಲಿದ್ದವರು. "ಎಷ್ಟು ಸುಧಾರಿಸ್ಬಿಟ್ರು ಅಂತೀನಿ!"

ಅಷ್ಟರಲ್ಲಿ ಕ್ರೇನಿನವರ ಮಗಳು ಅಪ್ಪನನ್ನು ಕರೆದೊಯ್ಯಲು ಸ್ಕೂಟರು ನಿಲ್ಲಿಸಿ ಒಳಗೆ ಬಂದಳು. ಅವಳು ಈಗ ಅದೇ ಮೈದಾನದಲ್ಲಿ ಕೆಲಸಕ್ಕಿದ್ದಾಳೆ. ಹಿಂದೆ ಭಾವ ಮಾಡುತ್ತಿದ್ದ ಅದೇ ಕೆಲಸ. ಅಪ್ಪನ ಕೈಯಲ್ಲಿದ್ದ ಹಾಳೆ ಕಂಡದ್ದೇ ಅವಳ ಮುಖ ಕೆಂಪಾಯಿತು.

"ಓಹೋ, ಇದು ನಿಮ್ಮ ಕೆಲಸಾನಾ ಅಂಕಲ್?" ಎಂದು ಭಾವನ ಮುಂದೆ ಬಂದು ನಿಂತಳು. "ಇವತ್ತು ನಮ್ಮ ಸಾಹೇಬ್ರು ಇದೇ ಪುಟ ಫೋನಲ್ಲಿ ತೆಗೆದು ನನ್ನ ಮೂತಿಗೆ ಹಿಡಿದ್ರು."

"ಹೌದಾ? ಖುಷಿಯಾಯ್ತಾ ಅವರಿಗೆ?"

"ಆಗದೆ ಏನು! ಕಿವಿಗೆ ಹಾಕ್ಕೊಳೋ ಮಫ್ ಕೊಡಿಸಿ, ರಾತ್ರಿಯೆಲ್ಲ ಕಿವಿಯೊಳಗೆ ಗುಂಯ್ ಅನ್ನುತ್ತೆ ಅಂತ ಅರ್ಜಿ ಹಾಕಿದ್ದೆ. 'ನೋಡಮ್ಮ, ಶಬ್ದ ಕಡಿಮೆಯಾಗಿದೆ ಅಂತ ವಿಶ್ವಕೋಶದಲ್ಲೇ ಇದೆ, ನಿಂದು ಬರೀ ಭ್ರಮೆ' ಅಂತ ಅರ್ಜಿ ವಾಪಸ್ ಕೊಟ್ರು."

ಭಾವನಿಗೆ ಅವಳು ಅದನ್ನು ಮತ್ತೊಮ್ಮೆ ಹೇಳಬೇಕಾಯಿತು. ಬಿಡಿಸಿ ಬಿಡಿಸಿ, ಮುಖಕ್ಕೆ ಮುಖ ಕೊಟ್ಟು ಹೇಳಿದಳು. ಆಮೇಲೆ, "ಅದೇ ಫಿರಂಗಿ ಅಂಕಲ್, ಅದೇ ಮದ್ದು. ಹೊಡೆದಾಗ ನನ್ನ ಹಲ್ಲೆಲ್ಲ ಅಲ್ಲಾಡುತ್ತೆ. ಯಾವ ಸುಧಾರಣೇನೂ ಇಲ್ಲ" ಎಂದು ಅಪ್ಪನ ತೋಳು ಹಿಡಿದು ಎಬ್ಬಿಸಿದಳು. ಕ್ರೇನಿನವರು ನಮ್ಮ ಕಡೆ ತಿರುಗಿ, "ಏನಂತಾಳೆ? ಮಳೆ ಬರುತ್ತಂತಾ?" ಎಂದು ಕೇಳಿದರು. 

ಹಿಂದಿರುಗುವಾಗ ಭಾವ ಹಾಳೆಯನ್ನು ಸಣ್ಣದಾಗಿ ಮಡಚಿ ಮುಷ್ಟಿಯಲ್ಲಿ ಹಿಡಿದಿದ್ದರು. ಒಂದು ತಿರುವು ದಾಟಿದ ಮೇಲೆ ಕೇಳಿದರು:

"ಆ ಹುಡುಗಿ ಮೆಲ್ಲಗೆ ಮಾತಾಡ್ತಾಳಾ?"

"ಇಲ್ಲ ಭಾವ. ಗೇಟಿನ ತನಕ ಕೇಳೋ ಹಾಗೆ ಮಾತಾಡ್ತಾಳೆ."

ಇನ್ನಷ್ಟು ದೂರ ನಡೆದರು. "ಹಾಗಾದ್ರೆ ಆ ಗಡಿಯಾರದ ಅಂಗಡಿಯವನು ಸುಳ್ಳು ಹೇಳಿರ್ಲಿಲ್ಲ. ಕಳ್ಳ ಅಂದ್ಬಿಟ್ಟೆ ಕಣೋ ಅವನನ್ನ."

ಅದುವರೆಗೆ ಭಾವ ನನ್ನೊಡನೆ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಎದುರಿನಿಂದ ಬರುತ್ತಿದ್ದ ಇಬ್ಬರು ಮಾತ್ರ ತಿರುಗಿ ನೋಡಿದರು.

ಮನೆಗೆ ಬಂದವರೇ ಚಪ್ಪಲಿಯನ್ನೂ ಕಳಚದೆ ಕಂಪ್ಯೂಟರಿನ ಮುಂದೆ ಕೂತರು. ಈ ಸಲ ಅಕ್ಷರ ಹುಡುಕಿಕೊಟ್ಟವಳು ಅಕ್ಕ. 'ನನ್ನ ಬೆಂಬಲ ವಾಪಸು ತೆಗೆದುಕೊಂಡಿದ್ದೇನೆ. ಶಬ್ದ ಕಡಿಮೆಯಾದದ್ದು ಮೈದಾನದಲ್ಲಲ್ಲ, ನನ್ನಲ್ಲಿ. ಕಂಪನಿ ಒಳ್ಳೆಯದೇ. ಆದರೆ ಹೊಸ ವಾಕ್ಯ ಸುಳ್ಳು, ಅದನ್ನು ತೆಗೆಯಿರಿ. ನನ್ನ ಹೆಂಡತಿ ಬರೆದದ್ದೇ ನಿಜ, ಅದನ್ನು ಹಾಕಿರಿ. ಅದಿಲ್ಲದಿದ್ದರೆ ಮುಖಪುಟ ಬೇಡ.' ಇಷ್ಟು ಬರೆದು, "ಸರಿಯಾಗಿದೆಯೇನೇ?" ಎಂದು ಅಕ್ಕನನ್ನು ಕೇಳಿದರು. ಅವಳು ಪರದೆ ನೋಡದೆಯೇ, "ಒಂದಕ್ಷರ ತಿದ್ದೋದಿಲ್ಲ ರೀ" ಎಂದಳು.

ಅದಕ್ಕೆ ತಮ್ಮಿಂದ ಬಂದ ಉತ್ತರವನ್ನು ಓದುಗರ ಜ್ಞಾನಾರ್ಜನೆಗಾಗಿ ಪೂರ್ತಿ ಕೊಡುತ್ತೇನೆ: 'ಸದರಿ ಸದಸ್ಯರು ಕಂಪನಿಯ ಮಾಜಿ ನೌಕರರೂ ಲೇಖಕಿಯ ಪತಿಯೂ ಆಗಿರುವುದರಿಂದ ಅವರ ಅಭಿಪ್ರಾಯವನ್ನು ಪರಿಗಣಿಸಲಾಗದು. ಆಯ್ಕೆ ಅಂತಿಮ. ಚರ್ಚೆ ಮುಕ್ತಾಯವಾಗಿದೆ.' ವಾಹ್! ಬೆಂಬಲ ಎಂದಾಗ ಇದೇ ಮನುಷ್ಯ ಪ್ರತ್ಯಕ್ಷ ಸಾಕ್ಷಿ; ಬೇಡ ಎಂದಾಗ ಮಾಜಿ ನೌಕರ. ಶಬ್ದವಿಲ್ಲ ಎಂದಾಗ ಅವರು ಯಾರ ಗಂಡನೂ ಆಗಿರಲಿಲ್ಲವೇ? ಕಿವಿ ಹೋಗಿದೆ ಎಂದ ಮರುಕ್ಷಣ ತಾಳಿ ಕಟ್ಟಿಬಿಟ್ಟರೇ? ಮೊದಲ ಮತವನ್ನು ಆಧಾರ ಮಾಡಿಕೊಂಡು ಬರೆದ ವಾಕ್ಯ ಇನ್ನೂ ಅಲ್ಲೇ ಇದೆ, ಎರಡನೆಯ ಮತ ಮಾತ್ರ ಕಸದ ಬುಟ್ಟಿಯಲ್ಲಿದೆ. ಸಾಕ್ಷಿಯ ಹೇಳಿಕೆಯಲ್ಲಿ ತಮಗೆ ರುಚಿಸಿದ ತುತ್ತನ್ನು ಉಂಡು ಉಳಿದದ್ದನ್ನು ತಟ್ಟೆಯಂಚಿಗೆ ಸರಿಸುವ ಈ ವಿದ್ಯೆಯನ್ನು ತಾವು ಎಲ್ಲಿ ಕಲಿತಿರಿ?

ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ. ಆಧಾರ ಕೇಳುವ ತಮ್ಮ ನಿಯಮ ಒಳ್ಳೆಯದೇ. ಅದಿಲ್ಲದಿದ್ದರೆ ತಮ್ಮ ವಿಶ್ವಕೋಶದ ತುಂಬ 'ಇದು ಬಹಳ ಒಳ್ಳೆಯ ಕಂಪನಿ', 'ನಮ್ಮ ಚಿಕ್ಕಪ್ಪ ಮಹಾಕವಿ' ಎಂಬಂಥ ಸಾಲುಗಳೇ ಇರುತ್ತಿದ್ದವು. ಸಿಕ್ಕವರು ಸಿಕ್ಕದ್ದನ್ನು ಗೀಚದಂತೆ ತಾವು ಬಾಗಿಲಲ್ಲಿ ನಿಂತು ಕಾಯುತ್ತಿದ್ದೀರಿ, ಅದಕ್ಕೆ ನಮಸ್ಕಾರ. ನನ್ನ ತಕರಾರು ಕಾವಲಿನ ಬಗ್ಗೆ ಅಲ್ಲ, ಕಾವಲುಗಾರನ ದೃಷ್ಟಿಯ ಬಗ್ಗೆ. ನುಣುಪು ಕಾಗದದ ಕೋಟು ತೊಟ್ಟು ಬಂದವನಿಗೆ ಸಲಾಮು ಹೊಡೆದು ಒಳಬಿಡುತ್ತೀರಿ. ಬರಿಗೈಯಲ್ಲಿ ಬಂದವನನ್ನು, ಅವನ ಕಿವಿ ಇನ್ನೂ ಹೊಗೆಯಾಡುತ್ತಿದ್ದರೂ, ಗುರುತಿನ ಚೀಟಿ ಎಲ್ಲಿ ಎಂದು ತಡೆಯುತ್ತೀರಿ. ಕಿವುಡರಾದವರು ತಾವು ಕಿವುಡರಾದದ್ದನ್ನು ಬಣ್ಣದ ಪುಸ್ತಿಕೆಯಾಗಿ ಅಚ್ಚು ಹಾಕಿಸುವುದಿಲ್ಲ ಸ್ವಾಮಿ. ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ. ಲೋಕವೇ ಗೊಣಗುತ್ತಿದೆ ಎಂದುಕೊಂಡು ಪಾರ್ಕಿನ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ.

ಫಿರಂಗಿ ಕಂಪನಿಯೊಂದು ಮುಖಪುಟಕ್ಕೆ ತಕ್ಕುದೇ ಎಂಬ ದೊಡ್ಡ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ತಕ್ಕುದೇ ಇರಬಹುದು; ಜೇನುನೊಣವೂ ಕುಟುಕುತ್ತದೆ. ಆದರೆ ಕುಟುಕುವುದನ್ನು ಮುಚ್ಚಿಟ್ಟು ಜೇನುನೊಣದ ಲೇಖನ ಬರೆದಿದ್ದರೆ ತಾವು ಸುಮ್ಮನಿರುತ್ತಿದ್ದಿರೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಸೋಮವಾರದೊಳಗೆ ಆ ಸುಧಾರಣೆಯ ವಾಕ್ಯವನ್ನು ಕೀಳಿಸಿ. ಅಕ್ಕನ ವಾಕ್ಯವನ್ನು ಅದರ ಜಾಗದಲ್ಲಿ ಮರಳಿ ಕೂರಿಸಿ. ಅದಾಗದಿದ್ದರೆ ಲೇಖನವನ್ನು ಮುಖಪುಟದಿಂದ ಇಳಿಸಿ, ಆ ವಾರ ಕೊಡೆಯನ್ನೇ ಇನ್ನೊಮ್ಮೆ ಬಿಡಿಸಿ, ನಮ್ಮದೇನೂ ಅಭ್ಯಂತರವಿಲ್ಲ. ಅಕ್ಕನೂ ಭಾವನೂ ಇದಕ್ಕೆ ಒಪ್ಪಿದ್ದಾರೆ. ಮುಖಪುಟದ ಆಸೆಯಿಂದ ಇಡೀ ಬೀದಿಗೆ ಸುದ್ದಿ ಹಂಚಿದ್ದ ಭಾವ ಮೊನ್ನೆ ಮನೆಮನೆಗೆ ಹೋಗಿ ಅದು ಬರದಿದ್ದರೂ ಬರಬಹುದು ಎಂದು ಹೇಳಿ ಬಂದರು.

ಇನ್ನು ಆಧಾರದ ಮಾತು. ಈ ಪತ್ರ ಇಂದಿನ ಪತ್ರಿಕೆಯಲ್ಲಿ ಅಚ್ಚಾಗಿದೆ. ಇದರಲ್ಲಿ ತಮಗೆ ಬೇಕಾದ ವಿಷಯ ಸ್ಪಷ್ಟವಾಗಿದೆ: ಪರೀಕ್ಷಾ ಮೈದಾನದಲ್ಲಿ ದುಡಿದ ಹಲವರು ಕ್ರಮೇಣ ಶ್ರವಣಶಕ್ತಿ ಕಳೆದುಕೊಂಡಿದ್ದಾರೆ. ತಮ್ಮ ನಿಯಮದ ಪ್ರಕಾರ ಇದೀಗ ಪ್ರಕಟಿತ ಮೂಲ. ಸಂಬಂಧಿಕ ಬರೆದದ್ದು ಎನ್ನುವಿರೋ? ಸಂಪಾದಕರು ಅಚ್ಚು ಹಾಕುವ ಮೊದಲು ಸ್ವತಂತ್ರವಾಗಿ ಪರಿಶೀಲಿಸಿದ್ದಾರೆ. ಭಾವನಿಗೆ ಫೋನು ಮಾಡಿದರು. ಭಾವ "ಹಲೋ" ಎಂದೊಡನೆ ಇನ್ನು ಪರಿಶೀಲನೆ ಸಾಕೆಂದು ಇಟ್ಟುಬಿಟ್ಟರು. ಹಾಸ್ಯ ಅಂಕಣ ಆಧಾರವಾಗದು ಎನ್ನುವಿರೋ? ಕಂಪನಿಯ ಪುಸ್ತಿಕೆಯಲ್ಲಿರುವಷ್ಟು ಹಾಸ್ಯ ಇದರಲ್ಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ.

ಸೋಮವಾರ ಬೆಳಿಗ್ಗೆ ಕ್ರೇನಿನವರ ಮಗಳು ಮತ್ತೆ ಆ ಫಿರಂಗಿಯ ಪಕ್ಕದಲ್ಲಿ ನಿಂತಿರುತ್ತಾಳೆ. ತಿದ್ದಿ ಬರೆದ ಅರ್ಜಿ ಅವಳ ಕೈಯಲ್ಲಿದೆ. ಸಾಹೇಬರು ಫೋನು ತೆಗೆದು ತಮ್ಮ ಮುಖಪುಟ ನೋಡುತ್ತಾರೆ. ಅಲ್ಲಿ ಏನಿದೆಯೋ ಅದನ್ನೇ ಅವಳಿಗೆ ತೋರಿಸುತ್ತಾರೆ. ನಮ್ಮ ಭಾವನ ಕಿವಿ ತಾವು ಒಪ್ಪಿದರೂ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಅವಳದು ಇನ್ನೂ ಇದೆ. ಅದಕ್ಕೂ ಒಂದು ದಿನ ಯಾರೋ ಆಧಾರ ಕೇಳುವ ಪ್ರಸಂಗ ಬಾರದಂತೆ ನೋಡಿಕೊಳ್ಳುವುದು ಈಗ ತಮ್ಮ ಕೈಯಲ್ಲಿದೆ.

ಇಂತಿ,
ಅಚ್ಚಾದ ಕಾರಣಕ್ಕಷ್ಟೇ ಇಂದು ಬೆಳಿಗ್ಗೆಯಿಂದ ನಂಬಲರ್ಹನಾಗಿರುವ,
ಒಬ್ಬ ಭಾವಮೈದುನ